ಕಕ್ಕೆ ಬೀಜದ ತುಂಬ ತೂತು, ಮನೆ ತುಂಬ ದುಂಬಿ. ಏನಿದು?

ಮೂರನೇ ಮಹಡಿ ತೋಟ · ಜೂನ್ 9, ರಾತ್ರಿ 10:14

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕಥೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾವಿರುವುದು ಜೆ.ಪಿ. ನಗರದಲ್ಲಿ. ಪಾರ್ಕಿನ ಗೇಟಿನ ಪಕ್ಕ ಎರಡು ಕಕ್ಕೆ ಮರಗಳಿವೆ. ಏಪ್ರಿಲ್‌ನಲ್ಲಿ ನಾನು, ಮಗಳು, ಪಕ್ಕದ ಮನೆ ಹುಡುಗರು ಸೇರಿ ಮರದ ಬುಡದಲ್ಲಿ ಬಿದ್ದಿದ್ದ ಕೋಲಿನಂಥ ಉದ್ದ ಕಾಯಿಗಳನ್ನೆಲ್ಲ ಆರಿಸಿ ಒಂದು ಅಕ್ಕಿ ಚೀಲ ತುಂಬಿಸಿದೆವು. ಮಳೆ ಶುರುವಾದ ಮೇಲೆ ಬೀಜದುಂಡೆ ಮಾಡೋಣ ಅಂತ. ಚೀಲದ ಬಾಯಿ ಕಟ್ಟಿ ವಾಷಿಂಗ್ ಮೆಷಿನ್ ಪಕ್ಕ ಇಟ್ಟೆ. ಇಟ್ಟಿದ್ದನ್ನು ಮರೆತೂಬಿಟ್ಟೆ.

ಹೋದ ವಾರ ರಾತ್ರಿ ಅಡುಗೆಮನೆಯ ಟ್ಯೂಬ್‌ಲೈಟ್ ಸುತ್ತ ಕಂದು ಹುಳಗಳು. ತೊಗರಿಬೇಳೆ ಡಬ್ಬ, ಅವರೆಕಾಳು ಡಬ್ಬ ಎಲ್ಲ ಇಳಿಸಿ ಮೊರದಲ್ಲಿ ಹಾಕಿ ಕೇರಿದೆ. ಏನೂ ಸಿಗಲಿಲ್ಲ. ಕೊನೆಗೆ ಅತ್ತೆಯೇ "ಆ ಮೂಲೇಲಿ ಇಟ್ಟಿದೀಯಲ್ಲ ನಿನ್ನ ಕೋಲು, ಅದನ್ನ ನೋಡು ಮೊದಲು" ಅಂದರು. ಚೀಲ ಬಿಚ್ಚಿದರೆ ಒಳಗೆ ಜಾತ್ರೆ! ಕಾಯಿಗಳ ಮೈಮೇಲೆ ದುಂಡನೆ ತೂತುಗಳು, ತಳದಲ್ಲಿ ಸಣ್ಣ ಪುಡಿ, ಅದರೊಳಗೆ ಓಡಾಡುವ ದುಂಬಿಗಳು. ಕಡ್ಡಿಯಿಂದ ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತ ಹಾಗೆ ಬಿದ್ದುಕೊಳ್ಳುತ್ತವೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನೋಡಿದರೆ ಎದ್ದು ಹೊರಟಿರುತ್ತವೆ.

ಒಂದು ಕಾಯಿ ಒಡೆದು ಎಣಿಸಿದೆ. 62 ಬೀಜ, ಅದರಲ್ಲಿ 47ಕ್ಕೆ ತೂತು. ಉಳಿದದ್ದರಲ್ಲೂ ಕೆಲವು ಒತ್ತಿದರೆ ಪುಡಿಯಾದವು. ಹೋದ ವರ್ಷವೂ ನೂರಕ್ಕೂ ಜಾಸ್ತಿ ಉಂಡೆ ಎಸೆದಿದ್ದೆವು, ಒಂದೂ ಏಳಲಿಲ್ಲ. ಮಳೆ ಕೈಕೊಟ್ಟಿತು ಅಂದುಕೊಂಡಿದ್ದೆ. ಈಗ ಅನುಮಾನ ಬರುತ್ತಿದೆ.

ಇದು ಯಾವ ಹುಳ? ಮನೆಯ ಬೇಳೆಕಾಳಿಗೆ ಬರುತ್ತದಾ? ಮರಕ್ಕೆ ಏನಾದರೂ ಔಷಧಿ ಹೊಡೆಸಬೇಕಾ?

ಹಳೇ ಮಲ್ಲೇಶ್ವರ · ಜೂನ್ 9, ರಾತ್ರಿ 10:40

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಹುಳ ಯಾವುದೋ ಗೊತ್ತಿಲ್ಲ, ಆದರೆ ರೋಗ ಎಲ್ಲಿದೆ ಅಂತ ಅವರು ಕಂಡುಹಿಡಿದರು.

ಗಡಿಬಿಡಿ · ಜೂನ್ 9, ರಾತ್ರಿ 10:52

ಮೇಡಂ, ಅಕ್ಕಿ ಗೋಡೌನಿಗೆ ಇಡುತ್ತಾರಲ್ಲ ಗುಳಿಗೆ, ಒಂದು ತಂದು ಚೀಲದಲ್ಲಿ ಹಾಕಿ ಕಟ್ಟಿ. ಬೆಳಗ್ಗೆ ಒಂದೂ ಇರಲ್ಲ.

ಹುಳಪುರಾಣ · ಜೂನ್ 9, ರಾತ್ರಿ 11:05

ಮೊದಲು ಮೇಲಿನ ಸಲಹೆಗೆ ಉತ್ತರ: ದಯವಿಟ್ಟು ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಹುಳವನ್ನು ಮಾತ್ರ ಕೊಲ್ಲುವುದಿಲ್ಲ, ಪಕ್ಕದ ರೂಮಿನಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ. ಮನೆಯವರು ಕೊಂಡು ಬಳಸುವ ವಸ್ತುವೇ ಅಲ್ಲ ಅದು. ಗಡಿಬಿಡಿ ಅವರೇ, ಬೈದೆ ಅಂದುಕೊಳ್ಳಬೇಡಿ. ನಾನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಕೃಷಿ ಓದಿದವನು, ಈ ಗುಳಿಗೆಯ ಕಥೆಗಳನ್ನು ಸಾಕಷ್ಟು ಕೇಳಿದ್ದೇನೆ.

ಈಗ ಹುಳದ ವಿಷಯ. ಇದು ಬೀಜ ಕೊರೆಯುವ ದುಂಬಿ. ನೀವು ಬರೆದಿದ್ದನ್ನು ನೋಡಿದರೆ ಕ್ಯಾರಿಡಾನ್ ಅನ್ನುವ ಕುಲದ್ದು. ಒಂದನ್ನು ಬಿಳಿ ಹಾಳೆಯ ಮೇಲೆ ಬಿಟ್ಟು ಹಿಂಗಾಲು ನೋಡಿ. ತೊಡೆ ಕುಸ್ತಿ ಪೈಲ್ವಾನನ ಹಾಗೆ ದಪ್ಪಗಿದ್ದು, ಅದರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಮುಳ್ಳುಗಳಿದ್ದರೆ ಅದೇ. ಅಕ್ಕಿಯ ಹುಳಕ್ಕೆ ಆನೆ ಸೊಂಡಿಲಿನ ಹಾಗೆ ಮೂತಿ ಇರುತ್ತದೆ, ಇದಕ್ಕೆ ಇರುವುದಿಲ್ಲ. ಈ ದುಂಬಿಗಳನ್ನೆಲ್ಲ ಹಿಂದೆ ಬೇರೆಯೇ ಕುಟುಂಬ ಅಂತ ಇಟ್ಟಿದ್ದರು. ಈಗ ಎಲೆ ತಿನ್ನುವ ದುಂಬಿಗಳ ಕುಟುಂಬಕ್ಕೇ ಸೇರಿಸಿದ್ದಾರೆ.

ಹೆಣ್ಣು ದುಂಬಿ ಕಾಯಿಯ ಮೇಲೆ ಮೊಟ್ಟೆ ಅಂಟಿಸುತ್ತದೆ. ಮರಿ ಆ ಮೊಟ್ಟೆಯ ತಳದಿಂದಲೇ ಸೀದಾ ಕಾಯಿಯೊಳಕ್ಕೆ ಕೊರೆದುಕೊಂಡು ಹೋಗುತ್ತದೆ. ಹೊರಗಿನಿಂದ ನೋಡಿದರೆ ಒಂದು ಬಿಳಿ ಚುಕ್ಕಿ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಬೀಜದೊಳಗೆ ಕೂತು ತಿರುಳು ತಿಂದು, ಆಮೇಲೆ ಕಾಗದದಂಥ ಗೂಡು ಕಟ್ಟಿಕೊಂಡು ಕೋಶವಾಗುತ್ತದೆ. ಬೆಚ್ಚಗಿದ್ದರೆ ಮೊಟ್ಟೆಯಿಂದ ದುಂಬಿಯಾಗಲು ಒಂದೂವರೆ, ಎರಡು ತಿಂಗಳು. ನಿಮ್ಮ ಚೀಲ ಏಪ್ರಿಲ್‌ನಲ್ಲಿ ಕಟ್ಟಿದ್ದು, ಬಿಚ್ಚಿದ್ದು ಜೂನ್‌ನಲ್ಲಿ. ಲೆಕ್ಕ ಸರಿಹೋಯಿತು ಅಲ್ವಾ?

ಅಂದರೆ ಹುಳ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ನೀವು ಕಾಯಿ ಆರಿಸಿದ ದಿನವೇ ಅವು ಒಳಗಿದ್ದವು. ತೂತು ಕಾಣಿಸುವುದು ಒಳಹೋದಾಗ ಅಲ್ಲ, ಹೊರಬಂದಾಗ. ಆಮೇಲೆ ಹೊರಬಂದವು ಅಲ್ಲೇ ಚೀಲದಲ್ಲೇ ಉಳಿದ ಕಾಯಿಗಳ ಮೇಲೆ ಮತ್ತೆ ಮೊಟ್ಟೆ ಇಡಬಹುದು.

ಮೂರನೇ ಮಹಡಿ ತೋಟ · ಜೂನ್ 10, ಬೆಳಗ್ಗೆ 6:30

ನೋಡಿದೆ ಸಾರ್. ಮಗಳ ಲೆನ್ಸ್ ಇಟ್ಟುಕೊಂಡು ನೋಡಿದೆ. ತೊಡೆ ದಪ್ಪಗಿದೆ, ಮುಳ್ಳೂ ಇದೆ. ಬಿಳಿ ಚುಕ್ಕಿಗಳೂ ಸಿಕ್ಕವು, ಉಗುರಿನಿಂದ ಕೆರೆದರೆ ಕೆಳಗೆ ಸೂಜಿ ಮೊನೆಯಷ್ಟು ತೂತು. ಕಾಯಿಯ ಬಾಲದ ಹತ್ತಿರ ಕಾಗದದ ಚಿಕ್ಕ ಪೊಟ್ಟಣದಂಥ ಗೂಡು ಎರಡಿತ್ತು. ಚೀಲವನ್ನು ಮಹಡಿ ಮೇಲಕ್ಕೆ ಸಾಗಿಸಿದೆ. ಬೇಳೆಕಾಳಿನ ವಿಷಯ ಹೇಳಲೇ ಇಲ್ಲ ನೀವು, ಅತ್ತೆ ಕೇಳುತ್ತಿದ್ದಾರೆ.

ಹುಳಪುರಾಣ · ಜೂನ್ 10, ಬೆಳಗ್ಗೆ 7:15

ತೊಗರಿ, ಹೆಸರುಕಾಳು, ಅಲಸಂದೆಗೆ ಬರುವುದು ಇದರ ದಾಯಾದಿ, ಬೇರೆ ಕುಲದ್ದು. ಕಕ್ಕೆಯಿಂದ ಹಾರಿ ಬೇಳೆ ಡಬ್ಬಕ್ಕೆ ಬಂತು ಅಂತ ಹೆದರಬೇಡಿ. ಆದರೆ ಇದೇ ಕುಲದ ಕ್ಯಾರಿಡಾನ್ ಸೆರಾಟಸ್ ಅನ್ನುವುದು ಹುಣಸೆ ಬೀಜವನ್ನೂ ಕಡಲೆಕಾಯಿಯನ್ನೂ ತಿನ್ನುತ್ತದೆ. 1790ರಲ್ಲೇ ಅದಕ್ಕೆ ಹೆಸರಿಟ್ಟಿದ್ದಾರೆ, ಅಷ್ಟು ಹಳೇ ಪರಿಚಯ. ಹಾಗಾಗಿ ಮನೆಯಲ್ಲಿ ಸಿಪ್ಪೆ ಸಮೇತ ಕಡಲೆಕಾಯಿ, ಬೀಜ ತೆಗೆಯದ ಹುಣಸೆಹಣ್ಣು ಇದ್ದರೆ ಒಮ್ಮೆ ನೋಡಿ. ಬೀಜ ಬಿಡಿಸಿ ಉಪ್ಪು ಹಾಕಿ ಭರಣಿಗೆ ತುಂಬಿದ ಹುಣಸೆಹಣ್ಣಿನಲ್ಲಿ ಅದಕ್ಕೆ ಕೆಲಸ ಇಲ್ಲ. ಅದಕ್ಕೆ ಬೇಕಾದದ್ದು ಬೀಜ.

ಕೋಲಾರದ ಕಡಲೆ · ಜೂನ್ 10, ಬೆಳಗ್ಗೆ 9:02

ಅಯ್ಯೋ ಇದಾ! ಇದು ನಮಗೆ ಚೆನ್ನಾಗಿ ಗೊತ್ತಿರುವ ಕಳ್ಳ. ಊರಲ್ಲಿ ಬಿತ್ತನೆಗೆ ಇಟ್ಟ ಕಡಲೆಕಾಯಿ ಚೀಲದಲ್ಲಿ ಹೀಗೇ ತೂತು. ಹೊರಗಿನಿಂದ ಕಾಯಿ ಗಟ್ಟಿ, ಕೈಲಿ ಹಿಡಿದರೆ ಹಗುರ. ಮನೆ ಮುಂದಿನ ಹುಣಸೆ ಮರದ ಕೆಳಗೆ ಕಾಯಿ ಒಣಗಿಸಬೇಡ ಅಂತ ನಮ್ಮ ಅಜ್ಜಿ ಕಿರುಚುತ್ತಿದ್ದರು. ಮರದ ಎಲೆ ಬೀಳುತ್ತೆ ಅಂತ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಈಗ ಅರ್ಥ ಆಯಿತು.

ದೇವನಹಳ್ಳಿ ಹತ್ತಿರ ನಲ್ಲೂರು ಹುಣಸೆ ತೋಪು ಇದೆಯಲ್ಲ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ದು. ಅಲ್ಲಿಗೆ ಹೋದಾಗ ನೆಲದ ಮೇಲೆ ಬಿದ್ದ ಹಳೇ ಕಾಯಿ ಎತ್ತಿ ನೋಡಿದ್ದೆ. ಸಿಪ್ಪೆಯ ತುಂಬ ತೂತು. ಮರಗಳು ಮಾತ್ರ ಮುದುಕರಂತೆ ಗಂಟು ಗಂಟಾಗಿ, ಟೊಳ್ಳಾಗಿ, ಯಾವ ಹುಳಕ್ಕೂ ಕ್ಯಾರೇ ಅನ್ನದೆ ನಿಂತಿವೆ.

ನರ್ಸರಿ ಹುಡುಗ · ಜೂನ್ 10, ಮಧ್ಯಾಹ್ನ 1:20

ಅಕ್ಕ, ನಾವು ನರ್ಸರಿಯಲ್ಲಿ ಬಿದ್ದ ಕಾಯಿ ಆರಿಸುವುದೇ ಇಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಯಿ ಹಸಿರು ಹೋಗಿ ಪೂರ್ತಿ ಕಪ್ಪಾಗುತ್ತದೆ. ಆಗಲೇ ಮರದಿಂದ ದೋಟಿಯಲ್ಲಿ ಕೀಳಬೇಕು. ಕಿತ್ತ ವಾರದೊಳಗೆ ಒಡೆದು ಬೀಜ ತೆಗೆಯಬೇಕು. ಕಾಯಿಯನ್ನು ಕಾಯಿಯಾಗಿಯೇ ಚೀಲದಲ್ಲಿ ಇಟ್ಟರೆ ಹುಳಕ್ಕೆ ಛತ್ರ ಕಟ್ಟಿಸಿ ಕೊಟ್ಟ ಹಾಗೆ. ಕಕ್ಕೆ ಕಾಯಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಈಗ ಮರದಲ್ಲಿ ಹೂವಿನ ಜೊತೆ ತೂಗುವ ಕಪ್ಪು ಕಾಯಿ ಹೋದ ವರ್ಷದ್ದು. ಅಷ್ಟು ದಿನ ನೇತಾಡಿದರೆ ಹುಳ ಸುಮ್ನೆ ಬಿಡುತ್ತಾ?

ಬಾಗೆ ನೆರಳು · ಜೂನ್ 10, ಸಂಜೆ 6:48

ಕಕ್ಕೆ ಒಂದೇ ಅಲ್ಲ. ನಮ್ಮ ರಸ್ತೆಯ ಬಾಗೆ ಮರದ ಕಾಯಿ ಬೇಸಿಗೆಯಲ್ಲಿ ಗಾಳಿಗೆ ಗಲಗಲ ಅನ್ನುತ್ತದೆ. ತೆಳು ಹೊಟ್ಟಿನಂಥ ಕಾಯಿ, ಬೆಳಕಿಗೆ ಹಿಡಿದರೆ ಬೀಜ ಸಾಲಾಗಿ ಕಾಣುತ್ತದೆ. ಅದರಲ್ಲಿ ಅರ್ಧಕ್ಕರ್ಧ ಬೀಜದ ಮೇಲೆ ಗುಂಡುಸೂಜಿ ತಲೆಯಷ್ಟು ತೂತು. ದುಂಬಿ ಮಾತ್ರ ಇನ್ನೂ ಚಿಕ್ಕದು, ಬೂದು ಬಣ್ಣ.

ಆದರೆ ನನಗೊಂದು ಅನುಮಾನ. ನಾನೂ ಒಮ್ಮೆ ಕಕ್ಕೆ ಕಾಯಿ ಒಡೆದಿದ್ದೆ. ಅದರಲ್ಲಿ ದುಂಬಿ ಇರಲಿಲ್ಲ. ಒಳಗೆಲ್ಲ ನೂಲು, ಹಿಕ್ಕೆ, ಬೀಜಗಳ ನಡುವಿನ ಅಡ್ಡ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಹೊಲಸಾಗಿತ್ತು. ಅದೂ ಇದೇ ಹುಳದ ಮರಿಯಾ?

ಹುಳಪುರಾಣ · ಜೂನ್ 10, ರಾತ್ರಿ 9:30

ಒಳ್ಳೇ ಪ್ರಶ್ನೆ. ಅಲ್ಲ, ಅದು ಪತಂಗದ ಕಂಬಳಿಹುಳ. ಕಕ್ಕೆ ಕಾಯಿಯನ್ನೇ ನಂಬಿಕೊಂಡ ಪತಂಗ ಒಂದಿದೆ, ಅದರ ಹೆಸರಲ್ಲೇ ಕಕ್ಕೆ (ವಿಜ್ಞಾನದ ಹೆಸರಲ್ಲಿ ಕ್ಯಾಸಿಯಾ) ಇದೆ: ಟ್ರಾಕಿಲೆಪಿಡಿಯಾ ಫ್ರಕ್ಟಿಕ್ಯಾಸಿಯೆಲ್ಲಾ. ಬಾಯಿ ತಿರುಗದಿದ್ದರೆ ಬಿಡಿ. ಅದರ ಮರಿ ಬಿಲ್ಲೆಯಿಂದ ಬಿಲ್ಲೆಗೆ ಗೋಡೆ ತೂರಿಕೊಂಡು ಹೋಗುತ್ತದೆ, ಅಂಟನ್ನೂ ತಿನ್ನುತ್ತದೆ, ಬೀಜವನ್ನೂ ತಿನ್ನುತ್ತದೆ, ಹೋದಲ್ಲೆಲ್ಲ ನೂಲು ಬಿಡುತ್ತದೆ. ದುಂಬಿಯ ಮರಿ ಹಾಗಲ್ಲ. ಒಂದು ಬೀಜ ಹಿಡಿದುಕೊಂಡರೆ ಅದೇ ಅದಕ್ಕೆ ಊಟ, ಅದೇ ಅದಕ್ಕೆ ಕೋಣೆ. ಕೆಲಸ ಅಚ್ಚುಕಟ್ಟು. ಮೂರನೇ ಮಹಡಿಯವರೇ, ನೀವು ಒಡೆದ ಕಾಯಿಯಲ್ಲಿ ನೂಲು ಇತ್ತಾ?

ಮೂರನೇ ಮಹಡಿ ತೋಟ · ಜೂನ್ 10, ರಾತ್ರಿ 9:55

ಒಂದರಲ್ಲಿ ಇತ್ತು! ಎಣಿಸಿದ್ದರಲ್ಲಿ ಇರಲಿಲ್ಲ. ಈಗ ಇನ್ನೊಂದನ್ನು ಕೂತು ಒಡೆದೆ. ಕಾಯಿ ಹಿಡಿದು ಕಲ್ಲಿನ ಮೇಲೆ ಕುಟ್ಟಿದರೆ ಉದ್ದಕ್ಕೆ ಸೀಳುತ್ತದೆ. ಒಳಗೆ ಅಡ್ಡಡ್ಡ ಬಿಲ್ಲೆಗಳು, ಹಳೇ ಕಾಲದ ತಾಮ್ರದ ಕಾಸು ಪೇರಿಸಿಟ್ಟ ಹಾಗೆ. ಬಿಲ್ಲೆಗೊಂದು ಬೀಜ, ಕಪ್ಪು ಅಂಟಿನ ಮೇಲೆ ಮಲಗಿಸಿದಂತೆ. ಕೊಳೆತ ಬೆಲ್ಲದ ವಾಸನೆ. ಒಂದು ಬೀಜದ ಮೇಲೆ ತೂತು ಇರಲಿಲ್ಲ, ಆದರೆ ಒಂದು ಕಡೆ ಸಿಪ್ಪೆ ತೆಳ್ಳಗಾಗಿ ದುಂಡು ಕಿಟಕಿಯ ಹಾಗೆ ಕಾಣುತ್ತಿತ್ತು. ಪಿನ್ನಿನಿಂದ ಎಬ್ಬಿಸಿದೆ. ಒಳಗೆ ಹಾಲಿನ ಬಣ್ಣದ ದಪ್ಪ ಮರಿ, ಅರ್ಧಚಂದ್ರದಂತೆ ಬಾಗಿ, ಬೀಜದ ಆಕಾರಕ್ಕೆ ಸರಿಯಾಗಿ ತುಂಬಿಕೊಂಡಿತ್ತು. ಮಗಳು "ಅಮ್ಮಾ ಮುಚ್ಚಿಬಿಡು, ಪಾಪ" ಅಂದಳು. ಮುಚ್ಚಲು ಬರಲಿಲ್ಲ.

ಅಸೋಸಿಯೇಷನ್ ವಾಟ್ಸಾಪ್ ಗುಂಪಿನಲ್ಲಿ ಮರಕ್ಕೆ ಔಷಧಿ ಹೊಡೆಸೋಣ ಅಂತ ಚರ್ಚೆ ಶುರುವಾಗಿದೆ. ತಪ್ಪು ನನ್ನದೇ, ನಾನೇ ಫೋಟೋ ಹಾಕಿದೆ.

ಹಳೇ ಮಲ್ಲೇಶ್ವರ · ಜೂನ್ 10, ರಾತ್ರಿ 10:20

ಔಷಧಿ ಯಾಕಮ್ಮ? ಮರಕ್ಕೆ ಏನಾಗಿದೆ? ಹೂ ಬಿಟ್ಟಿತು, ಎಲೆ ಬಿಟ್ಟಿತು, ನೆರಳು ಕೊಟ್ಟಿತು. ಬೀಜ ಹೋಯಿತು ಅಂತ ಮರ ಕೇಳಿತಾ?

ಹುಳಪುರಾಣ · ಜೂನ್ 10, ರಾತ್ರಿ 10:31

ಸಾರ್ ಹೇಳಿದ್ದು ಸರಿ. ಔಷಧಿ ಹೊಡೆದರೆ ಕಾಯಿಯೊಳಗಿನ ಮರಿಗೆ ತಾಗುವುದೇ ಇಲ್ಲ. ಇನ್ನೂ ಹೂವಿದ್ದರೆ ಅದಕ್ಕೆ ಬರುವ ಜೇನುಹುಳ ಮೊದಲು ಸಾಯುತ್ತವೆ. ಎಲೆ ಮೇಲಿನ ಹಳದಿ ಚಿಟ್ಟೆಯ ಮರಿ ಸಾಯುತ್ತವೆ. ದುಂಬಿಯ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುವ ಅತಿ ಸಣ್ಣ ಕಣಜಗಳಿವೆ, ಉಸ್ಕಾನಾ ಅಂತ. ಅವೂ ಸಾಯುತ್ತವೆ. ದುಡ್ಡು ಕೊಟ್ಟು ದುಂಬಿಯ ಶತ್ರುಗಳನ್ನು ಕೊಲ್ಲಿಸಿದ ಹಾಗೆ. ಗುಂಪಿನಲ್ಲಿ ಇದನ್ನೇ ಹಾಕಿ.

ಬೇಕಿದ್ದರೆ ಒಂದು ಕೆಲಸ ಮಾಡಬಹುದು: ಬುಡದಲ್ಲಿ ಬಿದ್ದ ಹಳೇ ಕಾಯಿ ಗುಡಿಸಿ ತೆಗೆಸಿ. ಮುಂದಿನ ಕಾಯಿಗೆ ಹಾರುವ ದುಂಬಿ ಅಲ್ಲಿಂದಲೇ ಏಳುವುದು.

ಗಡಿಬಿಡಿ · ಜೂನ್ 10, ರಾತ್ರಿ 10:44

ಗುಳಿಗೆ ವಿಷಯ ಗೊತ್ತಿರಲಿಲ್ಲ ಸಾರ್, ಸಾರಿ. ಆದರೆ ಒಂದು ಪ್ರಶ್ನೆ. ಎಲ್ಲ ಬೀಜ ಹುಳ ತಿಂದರೆ ಕಾಡಿನಲ್ಲಿ ಕಕ್ಕೆ ಮರ ಹೇಗೆ ಹುಟ್ಟುತ್ತದೆ?

ಹುಳಪುರಾಣ · ಜೂನ್ 10, ರಾತ್ರಿ 11:12

ಇದಕ್ಕೆ ಉತ್ತರ ಕರಡಿ. ಕಕ್ಕೆ ಕಾಯಿ ತಾನಾಗಿ ಒಡೆಯುವುದಿಲ್ಲ. ಕಾಡಿನಲ್ಲಿ ಕರಡಿ, ಕೋತಿ ಒಳಗಿನ ಸಿಹಿ ಅಂಟಿಗಾಗಿ ಒಡೆದು ತಿನ್ನುತ್ತವೆ. ಕರಡಿ ಬೀಜ ಸಮೇತ ನುಂಗಿ ಇನ್ನೆಲ್ಲೋ ಲದ್ದಿ ಹಾಕುತ್ತದೆ. ಹುಳ ಬೀಳುವ ಮೊದಲೇ ತಿಂದರೆ ಬೀಜ ಬಚಾವ್. ಎಳೇ ಮರಿ ಒಳಗಿದ್ದರೂ ಹೊಟ್ಟೆಯ ಬಿಸಿ, ಆಮ್ಲಕ್ಕೆ ಸಾಯುವ ಸಾಧ್ಯತೆ ಇದೆ. ಮೇಲಾಗಿ ಕಲ್ಲಿನಂಥ ಸಿಪ್ಪೆ ಮೆತ್ತಗಾಗಿ ಮೊಳಕೆಯೂ ಬೇಗ ಬರುತ್ತದೆ. ಬನ್ನೇರುಘಟ್ಟದ ಕಾಡಿನಲ್ಲಿ ಕರಡಿ ಇವೆ. ಜೆ.ಪಿ. ನಗರದ ಪಾರ್ಕಿನಲ್ಲಿ ಇಲ್ಲ. ಅಲ್ಲಿ ಕಾಯಿ ವರ್ಷಗಟ್ಟಲೆ ಬಿದ್ದಿರುತ್ತದೆ, ದುಂಬಿಗೆ ಪೈಪೋಟಿಯೇ ಇಲ್ಲ.

ಡೇನಿಯಲ್ ಜಾನ್ಸನ್ ಅಲ್ಲ, ಜಾನ್ಜನ್ ಅಂತ ಒಬ್ಬ ಅಮೆರಿಕದ ವಿಜ್ಞಾನಿ 1969ರಲ್ಲೇ ಈ ದುಂಬಿಗಳ ಬಗ್ಗೆ ಬರೆದಿದ್ದರು. ಮಧ್ಯ ಅಮೆರಿಕದ ಮರಗಳನ್ನು ನೋಡಿ ಅವರು ಕಂಡದ್ದು ಇದು: ಕೆಲವು ಮರಗಳು ಸಣ್ಣ ಬೀಜವನ್ನು ರಾಶಿ ರಾಶಿ ಬಿಡುತ್ತವೆ, ತಿಂದು ಮಿಕ್ಕಿದ್ದು ಹುಟ್ಟಲಿ ಅಂತ. ಇನ್ನು ಕೆಲವು ದೊಡ್ಡ ಬೀಜವನ್ನು ಸ್ವಲ್ಪವೇ ಬಿಟ್ಟು ಅದರಲ್ಲಿ ವಿಷ ತುಂಬುತ್ತವೆ. ನಮ್ಮ ಫುಟ್‌ಪಾತ್ ಮರಗಳನ್ನು ಆ ಕಣ್ಣಿನಿಂದ ನೋಡಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಇನ್ನೊಂದು. ಎಲ್ಲ ಕಡೆ ಬೀಜ ಕೊರೆಯುವ ದುಂಬಿಗಳು ಶತ್ರು ಅಲ್ಲ. ಸುಬಾಬುಲ್ ಗಿಡ ಕಂಡಕಂಡಲ್ಲಿ ಹಬ್ಬುತ್ತದೆ ಅಂತ ದಕ್ಷಿಣ ಆಫ್ರಿಕಾದವರು 1999ರಲ್ಲಿ ಅದರ ಬೀಜ ತಿನ್ನುವ ಒಂದು ದುಂಬಿಯನ್ನು ಬೇಕೆಂದೇ ತಂದು ಬಿಟ್ಟರು. ಕಕ್ಕೆ ಬೀಜ ತಿಂದರೆ ಪೀಡೆ, ಸುಬಾಬುಲ್ ಬೀಜ ತಿಂದರೆ ಸರ್ಕಾರಿ ನೌಕರ!

ಹಳೇ ಮಲ್ಲೇಶ್ವರ · ಜೂನ್ 11, ಬೆಳಗ್ಗೆ 5:50

ವಾಕಿಂಗ್ ಹೊರಡುವ ಮುಂಚೆ ಒಂದು ಮಾತು. ಈ ಬೀಜದುಂಡೆ ಹುಚ್ಚು ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಊರಿಗೆ ಬಣ್ಣ ಬಂದದ್ದು ಹಾಗಲ್ಲ. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಕೃಂಬಿಗಲ್ ಸಾಹೇಬರು ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಆರಿಸಿ ನೆಡಿಸಿದರು. 1980ರ ದಶಕದಲ್ಲಿ ಅರಣ್ಯ ಇಲಾಖೆಯ ನೇಗಿನಹಾಳ ಅವರ ಕಾಲದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಸಸಿ ನೆಟ್ಟರು, ಉಂಡೆ ಎಸೆಯಲಿಲ್ಲ. ಮಕ್ಕಳಿಗೆ ಮಣ್ಣಾಡುವ ಖುಷಿ ಸಿಗಲಿ, ಬೇಡ ಅನ್ನಲ್ಲ. ಆದರೆ ತೂತು ಬೀಜ ಸೇರಿಸಿ ಉಂಡೆ ಕಟ್ಟಿದರೆ ಅದು ಹುಳಕ್ಕೆ ಮಣ್ಣಿನ ಮನೆ ಕಟ್ಟಿಕೊಟ್ಟಂತೆ ಅಷ್ಟೇ.

ಮೂರನೇ ಮಹಡಿ ತೋಟ · ಜೂನ್ 11, ಬೆಳಗ್ಗೆ 8:10

ಚುಚ್ಚಿದರೂ ಸರಿಯಾಗಿ ಚುಚ್ಚಿದಿರಿ ಸಾರ್. ಉಂಡೆ ಬಿಟ್ಟೆ. ಸಸಿ ಮಾಡುತ್ತೇನೆ. ಈಗ ಇರುವುದರಲ್ಲಿ ಒಳ್ಳೇ ಬೀಜ ಆರಿಸುವುದು ಹೇಗೆ? ನೀರಲ್ಲಿ ತೇಲಿಸಿದರೆ ಸಾಕಾ?

ನರ್ಸರಿ ಹುಡುಗ · ಜೂನ್ 11, ಮಧ್ಯಾಹ್ನ 1:35

ತೇಲಿದ್ದು ಬಿಸಾಕಿ ಅಕ್ಕ. ಆದರೆ ಮುಳುಗಿದ್ದೆಲ್ಲ ಒಳ್ಳೆಯದು ಅಂತ ಇಲ್ಲ. ಎಳೇ ಮರಿ ಇರುವ ಬೀಜಕ್ಕೆ ಇನ್ನೂ ತೂಕ ಇರುತ್ತದೆ, ಅದೂ ಮುಳುಗುತ್ತದೆ. ಮುಳುಗಿದ್ದನ್ನು ಒರೆಸಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಒಂದು ವಾರ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಐಸ್ ಕಟ್ಟುವ ಕಡೆ ಇಡಿ. ಒಳಗೆ ಏನಿದ್ದರೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ತಕ್ಷಣ ಮುಚ್ಚಳ ತೆಗೆಯಬೇಡಿ. ಬಾಟಲಿಯ ತಂಪು ಇಳಿಯಲಿ, ಇಲ್ಲದಿದ್ದರೆ ಬೀಜದ ಮೇಲೆ ನೀರು ಕೂರುತ್ತದೆ.

ಇದು ಕಕ್ಕೆ, ಬಾಗೆಯಂಥ ಗಟ್ಟಿ ಬೀಜಕ್ಕೆ ಮಾತ್ರ. ನೇರಳೆ ಬೀಜವನ್ನು ಹೀಗೆ ಮಾಡಿದರೆ ಸತ್ತೇ ಹೋಗುತ್ತದೆ, ಅದನ್ನು ಹಣ್ಣು ತಿಂದ ಕೂಡಲೇ ಹಾಕಬೇಕು. ಬೇವು, ಹೊಂಗೆಯೂ ಜಾಸ್ತಿ ದಿನ ಇಡುವಂಥದ್ದಲ್ಲ.

ಬಿತ್ತುವಾಗ ಕಕ್ಕೆ ಬೀಜವನ್ನು ಹಾಗೇ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕು, ಸಿಪ್ಪೆ ನೀರು ಕುಡಿಯುವುದಿಲ್ಲ. ದೊಡ್ಡ ನರ್ಸರಿಗಳಲ್ಲಿ ಆಸಿಡ್‌ನಲ್ಲಿ ಅದ್ದುತ್ತಾರೆ, ಮನೆಯಲ್ಲಿ ಆ ಸಾಹಸ ಬೇಡ. ಬೀಜದ ಒಂದು ಬದಿಯನ್ನು ಉಪ್ಪು ಕಾಗದದ ಮೇಲೆ ಒಳಗಿನ ಬಿಳಿ ಇಣುಕುವವರೆಗೆ ಉಜ್ಜಿ, ಒಂದು ರಾತ್ರಿ ನೆನೆಹಾಕಿ. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ. ಉಬ್ಬದೇ ಇದ್ದದ್ದನ್ನು ಮತ್ತೆ ಉಜ್ಜಿ.

ಕೋಲಾರದ ಕಡಲೆ · ಜೂನ್ 11, ಮಧ್ಯಾಹ್ನ 2:10

ನಮ್ಮಲ್ಲಿ ಫ್ರಿಜ್ಜು ಬರುವ ಮೊದಲು ಬೂದಿ. ಬಿತ್ತನೆ ಕಾಳಿಗೆ ಒಲೆ ಬೂದಿ ಕಲಸಿ ಮಡಕೆಗೆ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಿದ್ದರು. ಕೆಲವರು ಕೆಮ್ಮಣ್ಣು ಹಚ್ಚುತ್ತಿದ್ದರು, ಕೆಲವರು ಹರಳೆಣ್ಣೆ. ಈಗ ಬೆಂಗಳೂರಲ್ಲಿ ಬೂದಿ ಬೇಕು ಅಂದರೆ ಆನ್‌ಲೈನಲ್ಲಿ ತರಿಸಬೇಕು, ಪಾತ್ರೆ ತೊಳೆಯುವ ಪುಡಿ ಅಂತ ಚಂದದ ಪ್ಯಾಕೆಟ್‌ನಲ್ಲಿ ಬರುತ್ತದೆ.

ಬಾಗೆ ನೆರಳು · ಜೂನ್ 11, ರಾತ್ರಿ 8:25

ತೂತಾದ ಬೀಜ ಒಂದೂ ಹುಟ್ಟುವುದಿಲ್ವಾ? ನಾನು ಬಾಗೆಯ ತೂತು ಬೀಜ ಹಾಕಿ ನೋಡಿದ್ದೆ. ಒಂದೆರಡು ಮೊಳೆತವು, ಅದೂ ಒಳ್ಳೇ ಬೀಜಕ್ಕಿಂತ ಮೊದಲೇ.

ಹುಳಪುರಾಣ · ಜೂನ್ 11, ರಾತ್ರಿ 9:03

ಆಗುತ್ತದೆ. ಮೊಳಕೆಯ ಭಾಗಕ್ಕೆ ಬಾಯಿ ಹಾಕದೆ ಪಕ್ಕದ ತಿರುಳು ಮಾತ್ರ ತಿಂದಿದ್ದರೆ, ಆ ತೂತಿನಿಂದಲೇ ನೀರು ಒಳಗೆ ಹೋಗಿ ಬೇಗ ಮೊಳೆಯುತ್ತದೆ. ನರ್ಸರಿ ಹುಡುಗ ಉಪ್ಪು ಕಾಗದದಲ್ಲಿ ಮಾಡುವ ಕೆಲಸವನ್ನು ದುಂಬಿ ಮಾಡಿಕೊಟ್ಟ ಹಾಗೆ. ಆದರೆ ಊಟದ ಗಂಟು ಕಳಕೊಂಡ ಸಸಿ, ಬಡಕಲಾಗಿರುತ್ತದೆ. ಬಹಳಷ್ಟು ಸಲ ಬೀಜವೇ ಟೊಳ್ಳು. ಅದನ್ನು ನಂಬಿ ಕೂರಬೇಡಿ.

ಮೂರನೇ ಮಹಡಿ ತೋಟ · ಮುಂದಿನ ವರ್ಷ, ಮಾರ್ಚ್ 2, ಸಂಜೆ 7:40

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಕ್ಷಮೆ ಇರಲಿ. ಲೆಕ್ಕ ಒಪ್ಪಿಸಬೇಕಿತ್ತು.

ಹೋದ ವರ್ಷ ಆ ಚೀಲದಿಂದ ತೇಲಿಸಿ, ತಣ್ಣಗಿಟ್ಟು, ಉಜ್ಜಿ 20 ಬೀಜ ಹಾಕಿದೆ. ಎದ್ದದ್ದು 6, ಈಗ ಬದುಕಿರುವುದು 4. ಮೊಣಕಾಲೆತ್ತರ ಬಂದಿವೆ.

ಈ ಸಲ ಫೆಬ್ರುವರಿ ಮೂರನೇ ವಾರ, ಕಾಯಿ ಕಪ್ಪಾದ ಕೂಡಲೇ ಪಾರ್ಕಿನ ಮಾಲಿಯಣ್ಣ ದೋಟಿಯಲ್ಲಿ ಮೂರು ಕಾಯಿ ಕಿತ್ತುಕೊಟ್ಟರು. ಅವತ್ತೇ ಒಡೆದೆ. ಒಟ್ಟು 188 ಬೀಜ, ತೂತು ಬಿದ್ದದ್ದು 9. ಕಣ್ಣಿಗೆ ಕಾಣದ ಮರಿ ಇದ್ದರೆ ಅಂತ ಒಂದು ವಾರ ಐಸ್ ಖಾನೆಯಲ್ಲಿ, ಬಟಾಣಿ ಪ್ಯಾಕೆಟ್ ಪಕ್ಕ. ಅತ್ತೆ ಬಾಟಲಿಯ ಮೇಲೆ "ತಿನ್ನಬಾರದು" ಅಂತ ಬರೆದು ಅಂಟಿಸಿದ್ದಾರೆ.

ನರ್ಸರಿ ಹುಡುಗ · ಮಾರ್ಚ್ 2, ರಾತ್ರಿ 8:05

ಸೂಪರ್ ಅಕ್ಕ. ಉದ್ದದ ಕವರ್‌ನಲ್ಲಿ ಹಾಕಿ, ಕಕ್ಕೆಯ ತಾಯಿಬೇರು ಬೇಗ ಕೆಳಗಿಳಿಯುತ್ತದೆ.

ಹಳೇ ಮಲ್ಲೇಶ್ವರ · ಮಾರ್ಚ್ 2, ರಾತ್ರಿ 9:12

ನಾಲ್ಕರಲ್ಲಿ ಒಂದು ಸಸಿ ನನಗೆ ಇಡಿ ತಾಯಿ. ನಮ್ಮ ಮನೆ ಮುಂದಿನ ಮರ ಹೋದ ಮಳೆಗಾಲದಲ್ಲಿ ಬಿತ್ತು. ಗುಂಡಿ ಹಾಗೇ ಇದೆ. ಬಂದು ತೆಗೆದುಕೊಂಡು ಹೋಗುತ್ತೇನೆ, ನಿಮ್ಮ ಅತ್ತೆಯವರನ್ನೂ ನೋಡಿದ ಹಾಗಾಯಿತು.

ಹುಳಪುರಾಣ · ಮಾರ್ಚ್ 2, ರಾತ್ರಿ 9:30

ಆ 9 ತೂತು ಬೀಜ ಏನು ಮಾಡಿದಿರಿ?

ಮೂರನೇ ಮಹಡಿ ತೋಟ · ಮಾರ್ಚ್ 2, ರಾತ್ರಿ 9:41

ಒಂಬತ್ತೂ ಮಗಳ ಹತ್ತಿರ ಇವೆ ಸಾರ್. ಕಿಟಕಿ ಬಿದ್ದ, ಇನ್ನೂ ತೂತಾಗದ ಬೀಜ ಎರಡಿತ್ತು, ಅವನ್ನೂ ಸೇರಿಸಿಕೊಂಡಳು. ಉಪ್ಪಿನಕಾಯಿ ಬಾಟಲಿಗೆ ಹಾಕಿ ಬಾಯಿಗೆ ನನ್ನ ಹಳೇ ದುಪಟ್ಟಾ ಕಟ್ಟಿದ್ದಾಳೆ. ನಿನ್ನೆ ಒಂದು ಹೊರಗೆ ಬಂತು. ತೊಡೆ ದಪ್ಪಗಿದೆಯಾ ಅಂತ ಅವಳೇ ಮೊದಲು ನೋಡಿದಳು. ಇನ್ನೊಂದಕ್ಕೆ ಕಾಯುತ್ತಿದ್ದಾಳೆ.